ಹನ್ನೆರಡನೆಯ ಕರಿ ಪಟ್ಟಿ

ಭಾನುವಾರ ಬೆಳಿಗ್ಗೆ ಐದೂವರೆಗೆ, ಕಾಲೇಜಿನ ಆಟಗಾರರ ಕೋಣೆಗೆ ಒಗೆದ ಬಟ್ಟೆಗಳ ಗಾಡಿ ತಳ್ಳಿಕೊಂಡು ಬಂದ ಆರ್ವಿಲ್ ಪ್ರೂಯಿಟ್ ಮೊದಲು ಕಂಡದ್ದು ಒಂದು ಬರಿಗಾಲನ್ನು.

ಐಸ್ ನೀರಿನ ತೊಟ್ಟಿಯ ಪಕ್ಕ, ಒದ್ದೆ ಸಿಮೆಂಟಿನ ಮೇಲೆ ಎಜ್ರಾ ಟಟಲ್ ಬಿದ್ದಿದ್ದ. ಹದಿನೆಂಟು ವರ್ಷ. ಮೈಮೇಲೆ ಚಡ್ಡಿ ಒಂದೇ. ತುಟಿ ನೀಲಿ. ಉಸಿರು — ಇದೆಯೋ ಇಲ್ಲವೋ ಎನ್ನುವಷ್ಟು.

ಆಂಬುಲೆನ್ಸ್ ಬಂತು. ಆರೂ ಕಾಲಿಗೆ ಪೊಲೀಸರು ಬಂದು ಆಟಗಾರರ ಕೋಣೆಗೆ ಬೀಗ ಜಡಿದರು. ಹತ್ತು ದಿನವಾದರೂ ಹುಡುಗನಿಗೆ ಎಚ್ಚರವಾಗಲಿಲ್ಲ.

ವಿಚಾರಣೆಗೆ ಕೆಟಲ್‌ಫೋರ್ಡ್ ಕಾಲೇಜು ಕರೆಸಿದ್ದು ಲೊರೆಟ್ಟಾ ಬೀನೆಕ್‌ಳನ್ನು. ಒಹಾಯೊ ಪೊಲೀಸಿನಲ್ಲಿ ಇಪ್ಪತ್ತಾರು ವರ್ಷ ಪತ್ತೇದಾರಿಕೆ ಮಾಡಿ ನಿವೃತ್ತಳಾದವಳು. ಬಂದ ದಿನವೇ ಕಾಲೇಜಿನ ಅಧ್ಯಕ್ಷೆ ಪೆನ್‌ಹ್ಯಾಲೋ ಅವಳ ಮುಂದೆ ವರದಿಯ ಕರಡನ್ನೇ ಇಟ್ಟಳು. ವಿಚಾರಣೆ ಶುರುವಾಗಿಲ್ಲ, ತೀರ್ಪು ಸಿದ್ಧ. ಹೊಸ ಹುಡುಗರಿಗೆ ರ‍್ಯಾಗಿಂಗ್ ಮಾಡಿದವನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ನಾಯಕ ಡೆಷಾನ್ ಮ್ಯಾಡ್ರಿ. ಅವನನ್ನು ಕಾಲೇಜಿನಿಂದ ತೆಗೆದು ಪೊಲೀಸರಿಗೆ ಒಪ್ಪಿಸುವುದು. ಕೋಚ್ ರಾಯ್ಸ್ ಹೇವರ್‌ಕ್ಯಾಂಪ್ ಅಂದು ಊರಲ್ಲೇ ಇರಲಿಲ್ಲ, ಅವರಿಗೆ ಏನೂ ಗೊತ್ತಿಲ್ಲ. ಸಹಿಯ ಜಾಗವಷ್ಟೇ ಖಾಲಿ.

"ಶುಕ್ರವಾರ ಸಭೆ, ಶನಿವಾರ ಮೊದಲ ಪಂದ್ಯ," ಎಂದಳು ಪೆನ್‌ಹ್ಯಾಲೋ. "ಅವತ್ತೇ ಮೈದಾನಕ್ಕೆ ಕೋಚ್ ಹೆಸರು ಇಡ್ತಾ ಇದೀವಿ. ಸ್ವಲ್ಪ ಅರ್ಥ ಮಾಡ್ಕೊಳ್ಳಿ."

ಲೊರೆಟ್ಟಾಗೆ ಅರ್ಥವಾಯಿತು. ಕರಡನ್ನು ಮಡಚಿ ಚೀಲಕ್ಕೆ ತುರುಕಿಕೊಂಡು ನೇರ ಆಸ್ಪತ್ರೆಗೆ ಹೋದಳು.

ಎಜ್ರಾನ ತಾಯಿ ನೊರೀನ್ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಮಗನ ಮಂಚದ ಪಕ್ಕ ಕುರ್ಚಿಯಲ್ಲೇ ಮಲಗುತ್ತಿದ್ದಳು. ಶನಿವಾರ ಸಂಜೆ ಅಭ್ಯಾಸ ಮುಗಿಸಿ ಅವನು ಫೋನು ಮಾಡಿದ್ದನಂತೆ — ಇವತ್ತು ನನ್ನ ಹೆಲ್ಮೆಟ್ಟಿನ ಕರಿ ಪಟ್ಟಿ ಹೋಗಬಹುದಮ್ಮಾ, ಎಂದು. ಕೋಚ್ ಬಗ್ಗೆ ಅವಳಿಗೆ ದೂರಿರಲಿಲ್ಲ. ಕಿಟಕಿಯ ಬಳಿಯ ಹೂವಿನ ಕುಂಡ ತೋರಿಸಿದಳು. ಅವರೇ ಕಳಿಸಿದ್ದು. ಕಾರ್ಡಿನಲ್ಲಿ 'ಹೋರಾಡು ಮಗಾ' ಎಂದು ಬರೆದಿತ್ತು.

"ನಂಗೆ ಒಂದೇ ಗೊತ್ತಾಗ್ಬೇಕು, ಮೇಡಂ," ಎಂದಳು. "ನನ್ ಮಗನ್ನ ನೆಲದ ಮೇಲೆ ಬಿಟ್ಟು ಬಾಗಿಲು ಎಳ್ಕೊಂಡು ಹೋದೋರು ಯಾರು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಲೊರೆಟ್ಟಾ ಮೊದಲು ಹೋದದ್ದು ಡೆಷಾನ್ ಬಳಿಗೆ. ಆರಡಿ ಮೂರಂಗುಲದ ಹುಡುಗ ಗೋಡೆಗಂಟಿಕೊಂಡು ಕೂತಿದ್ದ. ನಡೆದದ್ದನ್ನು ಮುಚ್ಚಿಡಲಿಲ್ಲ. ಹೊಸದಾಗಿ ಸೇರಿದ ಹನ್ನೆರಡು ಹುಡುಗರು ಕತ್ತಿನವರೆಗೆ ಐಸ್ ನೀರಲ್ಲಿ ಕೂರಬೇಕು. ಕೊನೆಗೆ ಎದ್ದವನು ಅಂದಿನ ರಾಜ. ಪ್ರತಿ ವರ್ಷವೂ ನಡೆಯುವುದೇ. ಈ ಸಲ ಎಜ್ರಾ ಏಳಲೇ ಇಲ್ಲ, ಎತ್ತಿ ಹೊರಗೆ ಹಾಕಬೇಕಾಯಿತು. ಮಾತು ತೊದಲುತ್ತಿತ್ತು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡರು.

"ಯಾರು ಮಾಡಿಸಿದ್ದು?"

"ನಾನೇ, ಮೇಡಂ."

"ಕೋಚ್ ಇದ್ರಾ?"

"ಇರ್ಲಿಲ್ಲ."

"ಕೊನೇಲಿ ಬಾಗಿಲು ಹಾಕಿದ್ದು ಯಾರು?"

ಹುಡುಗ ತನ್ನ ಅಂಗೈ ನೋಡಿಕೊಂಡ.

"ಜೈಲಿಗೆ ಹೋಗ್ತೀಯ, ಗೊತ್ತಾ?"

"ನನ್ನ ಇಲ್ಲಿಗೆ ಕರ್ಕೊಂಡ್ ಬಂದಿದ್ದೇ ಕೋಚ್," ಎಂದ. "ನಮ್ ಮನೇಲಿ ಕಾಲೇಜು ನೋಡ್ದೋನು ನಾನೊಬ್ನೇ." ಆಮೇಲೆ ಬಾಯಿ ಬಿಡಲಿಲ್ಲ.

ಕೋಚ್ ಹೇವರ್‌ಕ್ಯಾಂಪ್ ಮಾತ್ರ ಬೇಕಾದಷ್ಟು ಮಾತಾಡಿದ. ಅರವತ್ತೊಂದರ ಗೂಳಿಯಂಥ ಆಸಾಮಿ. ಶನಿವಾರ ಬೆಳಿಗ್ಗೆಯೇ ಇಂಡಿಯಾನಾಕ್ಕೆ ಹೋಗಿ, ಮಧ್ಯಾಹ್ನ ಅಲ್ಲಿನ ಹೈಸ್ಕೂಲು ಹುಡುಗನೊಬ್ಬನ ಆಟ ನೋಡಿ, ರಾತ್ರಿ ಮೋಟೆಲಿನಲ್ಲಿ ಮಲಗಿ, ಭಾನುವಾರ ಮಧ್ಯಾಹ್ನ ವಾಪಸ್ಸು ಬಂದನಂತೆ. ಬಿಲ್ಲು ಮೇಜಿನ ಮೇಲೆ ಸಿದ್ಧವಿತ್ತು. ಬರುವಷ್ಟರಲ್ಲಿ ಕೋಣೆಗೆ ಬೀಗ, ಒಳಗೆ ಕಾಲಿಡಲೂ ಪೊಲೀಸರು ಬಿಡಲಿಲ್ಲ ಎಂದ.

ಅವನ ಬೆನ್ನ ಹಿಂದಿನ ಗೋಡೆಯ ತುಂಬ ಗೇಣುದ್ದದ ಕರಿ ಅಂಟು ಪಟ್ಟಿಗಳು, ಸಾಲು ಸಾಲಾಗಿ. ಪ್ರತಿಯೊಂದರ ಮೇಲೂ ಬಿಳಿ ಶಾಯಿಯಲ್ಲಿ ಒಂದು ಹೆಸರು.

"ಇವೇನು?"

"ನನ್ನ ಮಕ್ಕಳು, ಮೇಡಂ. ಹೊಸಬ ಬಂದ ದಿನ ಅವನ ಹೆಲ್ಮೆಟ್ಟಿಗೆ ಕರಿ ಪಟ್ಟಿ ಅಂಟಿಸ್ತೀವಿ. ಗಂಡಸಾದ ಅಂತ ನಂಗನ್ನಿಸಿದ ದಿನ ನಾನೇ ಕೀಳ್ತೀನಿ. ಇಪ್ಪತ್ತೆರಡು ವರ್ಷದ್ದು ಇದು."

"ಬೇರೆ ಯಾರೂ ಕೀಳಲ್ವಾ?"

"ಮುಟ್ಟಿದೋನ ಕೈ ಮುರೀತೀನಿ. ಎಲ್ರಿಗೂ ಗೊತ್ತು." ನಕ್ಕ. "ಒಂದು ಫೋಟೋ ತಗೊಳ್ಳಿ, ವರದಿಗೆ ಹಾಕ್ಬಹುದು." ಗೋಡೆಯ ಮುಂದೆ ತೋಳು ಕಟ್ಟಿ ನಿಂತೇಬಿಟ್ಟ. ಲೊರೆಟ್ಟಾ ಹಲ್ಲು ಕಚ್ಚಿಕೊಂಡು ಫೋಟೋ ತೆಗೆದಳು.

ಗುರುವಾರ ಪೊಲೀಸರು ಬೀಗ ತೆಗೆದರು. ಲೊರೆಟ್ಟಾ ಆರ್ವಿಲ್‌ನನ್ನು ಜೊತೆಗೆ ಕರೆದುಕೊಂಡು ಒಳಗೆ ಹೋದಳು. ಒಣಗಿದ ತೊಟ್ಟಿ, ಬೂಸಲು ವಾಸನೆ, ಕೊಕ್ಕೆಗಳಿಗೆ ತೂಗುಹಾಕಿದ ಹಳದಿ ಹೆಲ್ಮೆಟ್ಟುಗಳು. ಚೀಲದಲ್ಲಿ ಊರಿನ ಪತ್ರಿಕೆ ಇತ್ತು — ಶನಿವಾರ ಸಂಜೆ ಐದು ಗಂಟೆಯ ಅಭ್ಯಾಸದ ಚಿತ್ರ. ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ನೀರು ಕುಡಿಯುತ್ತಿದ್ದ ಎಜ್ರಾ.

ಚಿತ್ರವನ್ನು ನಲವತ್ತೇಳನೆಯ ನಂಬರಿನ ಹೆಲ್ಮೆಟ್ಟಿನ ಪಕ್ಕ ಹಿಡಿದಳು. ಒಮ್ಮೆ ಇದನ್ನು ನೋಡಿದಳು, ಒಮ್ಮೆ ಅದನ್ನು.

"ಆರ್ವಿಲ್, ಇದನ್ನ ನೀನೇನಾದ್ರೂ ಒರೆಸಿದ್ಯಾ?"

"ಇಲ್ಲಮ್ಮ. ಬೀಗ ಬಿದ್ಮೇಲೆ ನಾನು ಬರ್ತಿರೋದೇ ಇವತ್ತು."

ಲೊರೆಟ್ಟಾ ಹೆಬ್ಬೆರಳಿನಿಂದ ಹೆಲ್ಮೆಟ್ಟನ್ನು ಸವರಿದಳು. ಅಂಟು ಇನ್ನೂ ಜಿಗುಟಾಗಿತ್ತು. ಹೊರಗೆ ಬಂದು ಪೊಲೀಸರಿಗೆ ಫೋನು ಮಾಡಿದಳು.

ಶುಕ್ರವಾರದ ಸಭೆಯಲ್ಲಿ ಪೆನ್‌ಹ್ಯಾಲೋ, ಕೋಚ್, ಡೆಷಾನ್, ಬಾಗಿಲ ಬಳಿ ಇಬ್ಬರು ಪೊಲೀಸರು. ಲೊರೆಟ್ಟಾ ಕೂರಲಿಲ್ಲ.

"ಶನಿವಾರ ಸಂಜೆ ಐದಕ್ಕೆ ಎಜ್ರಾ ಹೆಲ್ಮೆಟ್ ಮೇಲೆ ಕರಿ ಪಟ್ಟಿ ಇತ್ತು. ಪತ್ರಿಕೇಲಿ ಚಿತ್ರ ಇದೆ. ಭಾನುವಾರ ಆರೂ ಕಾಲಿಗೆ ಬೀಗ ಬಿತ್ತು. ನಿನ್ನೆ ತೆಗೆದು ನೋಡಿದ್ರೆ ಪಟ್ಟಿ ಇಲ್ಲ. ಕಿತ್ತಿದ್ದು ಯಾರು, ಕೋಚ್?"

"ಯಾರೋ ಹುಡುಗ ಇರ್ಬೇಕು."

"ಮುಟ್ಟಿದೋನ ಕೈ ಮುರೀತೀನಿ ಅಂದ್ರಲ್ಲ?"

"ಆಸ್ಪತ್ರೆಯೋರು ಕಿತ್ತಿರ್ಬಹುದು, ನಂಗೇನು ಗೊತ್ತು?"

"ಹಾಗಾದ್ರೆ ಅದು ನಿಮ್ಮ ಗೋಡೆಗೆ ಹೇಗೆ ಬಂತು?"

ಮೇಜಿನ ಮೇಲೆ ಫೋಟೋ ಇಟ್ಟಳು. ತೋಳು ಕಟ್ಟಿ ನಗುತ್ತಿರುವ ಕೋಚ್. ಅವನ ಎಡ ಭುಜದ ಪಕ್ಕ ಈ ವರ್ಷದ ಸಾಲು. ಎಜ್ರಾನನ್ನು ಬಿಟ್ಟರೆ ಹೊಸಬರು ಹನ್ನೊಂದು ಜನ; ಪಟ್ಟಿಗಳು ಹನ್ನೆರಡು. ಕೊನೆಯದರ ಮೇಲೆ ಬಿಳಿ ಶಾಯಿ: ಟಟಲ್, 47.

"ಇದು ನಿಮ್ಮ ಅಕ್ಷರ. ಮೋಟೆಲಿನ ಬಿಲ್ಲು ಕೋಣೆ ಹಿಡಿದಿದ್ದಕ್ಕೆ ಸಾಕ್ಷಿ, ಮಲಗಿದ್ದಕ್ಕಲ್ಲ. ಮೂರು ಗಂಟೆ ಕಾರು ಓಡಿಸಿಕೊಂಡು ವಾಪಸ್ ಬಂದ್ರಿ. ಯಾಕೆ? ಪಟ್ಟಿ ಕೀಳೋಕೆ. ಅದನ್ನ ಬೇರೆಯೋರಿಗೆ ಬಿಟ್ಟೋರಲ್ಲ ನೀವು. ಸಿಕ್ಕಿಬೀಳ್ತೀನಿ ಅಂತ ಗೊತ್ತಾದ್ಮೇಲೂ ಅದನ್ನ ಎಸೀಲಿಲ್ಲ. ಆ ಗೋಡೆ ನಿಮಗೆ ದೇವರ ಕೋಣೆ. ದೇವರ ಕೋಣೇಲಿ ಸಾಕ್ಷಿ ಹುಡುಕ್ತಾರೆ ಅಂತ ಹೊಳೀಲೇ ಇಲ್ಲ."

ಕೋಚ್ ಡೆಷಾನ್ ಕಡೆ ನೋಡಿದ — ನಾಲ್ಕು ವರ್ಷ ಆ ಹುಡುಗನ ಬಾಯಿ ಮುಚ್ಚಿಸಿದ್ದ ಅದೇ ನೋಟ. ಡೆಷಾನ್ ಫೋಟೋದಲ್ಲಿದ್ದ ಹೆಸರನ್ನು ನೋಡುತ್ತಿದ್ದ.

"ಕೋಚೇ ಕಿತ್ತರು," ಎಂದ. "ಎಲ್ಲರೂ ಚಪ್ಪಾಳೆ ಹೊಡೆದ್ವಿ. ಎಜ್ರಾ ನೆಲದ ಮೇಲೆ ನಡುಗ್ತಿದ್ದ. ಡಾಕ್ಟರನ್ನ ಕರೀಲಾ ಅಂದೆ. ಗಂಡಸು ಅವನೇ ಎದ್ದು ಬರ್ತಾನೆ, ನಡಿ ಅಂದ್ರು. ಬಾಗಿಲು ಅವರೇ ಎಳ್ಕೊಂಡ್ರು. ಮಾರನೇ ದಿನ ಫೋನ್ ಮಾಡಿ, ಒಬ್ಬ ಹೊತ್ಕೊಂಡ್ರೆ ತಂಡ ಉಳಿಯುತ್ತೆ, ನಿನ್ ಕೈಲಾಗುತ್ತೆ ಅಂದ್ರು."

"ಅವನು ಗೆದ್ದಿದ್ದ," ಎಂದ ಕೋಚ್, ಪೆನ್‌ಹ್ಯಾಲೋ ಕಡೆ ತಿರುಗಿ. "ನಾನು ಅವನಿಗೆ ಗೌರವ ಕೊಟ್ಟೆ."

"ಪಟ್ಟಿ ಕೀಳೋಕೆ ಕೈ ಬಂತು," ಎಂದಳು ಲೊರೆಟ್ಟಾ. "ಒಂದು ಕಂಬಳಿ ಹೊದಿಸೋಕೆ ಬರಲಿಲ್ವಾ ಆ ಕೈ?"

ಲೊರೆಟ್ಟಾ ಚೀಲದಿಂದ ಕರಡು ತೆಗೆದು, ಡೆಷಾನ್ ಮ್ಯಾಡ್ರಿ ಎಂಬ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಮೇಲೆ ರಾಯ್ಸ್ ಹೇವರ್‌ಕ್ಯಾಂಪ್ ಎಂದು ಬರೆದು ಸಹಿ ಹಾಕಿದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ವಿಚಾರಣೆಗೆ ಮುಂಚೆಯೇ ಈ ಕರಡು ಬರೆಸಿ ಕೊಟ್ಟವರು ಅಧ್ಯಕ್ಷೆ. ಪೆನ್‌ಹ್ಯಾಲೋ ಮುಂದೆ ಅದನ್ನು ತಳ್ಳಿ, ಇದರ ಪ್ರತಿ ಪೊಲೀಸರಿಗೂ ಹೋಗುತ್ತದೆ ಎಂದಳು.

ಕಾರಿನಲ್ಲಿ ಕೂತು ನೊರೀನ್‌ಗೆ ಫೋನು ಮಾಡಿದಳು. ಸುತ್ತಿ ಬಳಸಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಬಾಗಿಲು ಎಳೆದುಕೊಂಡವನ ಹೆಸರು ಹೇಳಿದಳು.

ಆ ಕಡೆ ಕುರ್ಚಿ ಸರಿದ ಸದ್ದು, ಕಿಟಕಿಯವರೆಗೆ ನಾಲ್ಕು ಹೆಜ್ಜೆ. ಆಮೇಲೆ, ಕಸದ ಡಬ್ಬಿಯ ತಳಕ್ಕೆ ಕುಂಡ ಬಿದ್ದು ಒಡೆದದ್ದು ಲೊರೆಟ್ಟಾಗೆ ಚೆನ್ನಾಗಿ ಕೇಳಿಸಿತು.