ಪಟಾಕಿಯ ಜೋಕು ಕದ್ದವರು ಯಾರು?

ಹಲ್ಲುಜ್ಜುತ್ತಾ ಫೋನು ನೋಡಿದ ಪಟಾಕಿ, ಪೇಸ್ಟು ನುಂಗಿಬಿಟ್ಟ.

ಊರೂರು ಸುತ್ತಿ ನಗಿಸುವ ಕಾಮಿಡಿಯನ್ ಅವನು. ಪಟಾಕಿ ಎಂಬುದು ಅಭಿಮಾನಿಗಳಿಟ್ಟ ಹೆಸರು. ಸಂಜೆ ಹೊಸ ಶೋ, ಸೀಟೆಲ್ಲ ಭರ್ತಿ. ಆ ಶೋನ ಜೋಕುಗಳೆಲ್ಲ ಆಗಲೇ ಫೋನಿನಲ್ಲಿ ಓಡುತ್ತಿದ್ದವು. ಹೇಳುತ್ತಿದ್ದವನು ಮಾತ್ರ ಬೇರೆ. ಅವನ ಎದುರಾಳಿ, ಅಡ್ಡಹೆಸರು ಜೆರಾಕ್ಸ್.

ಸಂಜೆ ಪಟಾಕಿ ಇವನ್ನೇ ಹೇಳಿದರೆ ಜನ ಅವನನ್ನೇ ಕಳ್ಳ ಅನ್ನುತ್ತಾರೆ. ಹೇಳದಿದ್ದರೆ ಬೇರೆ ಜೋಕಿಲ್ಲ. ಕೆರಿಯರ್ ಢಮಾರ್.

ಸಿನಿಮಾದಲ್ಲಾಗಿದ್ದರೆ ಇಲ್ಲಿ ಗುಡುಗು ಬರಬೇಕಿತ್ತು. ಬಂದವರು ಸಬ್ ಇನ್ಸ್‌ಪೆಕ್ಟರ್ ಮೇಡಂ, ಪಟಾಕಿಯೇ ಫೋನು ಮಾಡಿ ಕರೆಸಿದ್ದ.

*

"ಈ ಜೋಕುಗಳನ್ನ ಯಾರ್ಯಾರು ಕೇಳಿದಾರೆ?"

"ಇಬ್ರೇ ಮೇಡಂ. ರಿಹರ್ಸಲ್‌ನಲ್ಲಿ ಸೌಂಡ್‌ನವನು. ಕಾರಲ್ಲಿ ನಮ್ಮ ಭಾವ."

ಭಾವ ಎಂದರೆ ಅಕ್ಕನ ಗಂಡ. ಮ್ಯಾನೇಜರ್, ಡ್ರೈವರ್ ಎಲ್ಲ ಅವರೇ. ಪಟಾಕಿಯ ಅರ್ಧ ಜೋಕುಗಳೂ ಅವರ ಮೇಲೆಯೇ. ಹಳೇ ಶೋನಲ್ಲಿ ಭಾವನ ಗೊರಕೆ, ಹೊಸದರಲ್ಲಿ ಭಾವನ ವಿಗ್ಗು. ದಿನವೂ ಥಿಯೇಟರಿಗೆ ಹೊರಟ ಕಾರು ಗೇಟು ದಾಟಿದ ಕೂಡಲೇ ಪಟಾಕಿ ಹೊಸ ಜೋಕು ಶುರು ಮಾಡುತ್ತಿದ್ದ. ಭಾವ ನಕ್ಕರೆ ಜೋಕು ಪಾಸ್.

"ಸೌಂಡ್‌ನವನನ್ನ ಹಿಡೀರಿ," ಎಂದರು ಭಾವ, ಟೀ ಕೊಡುತ್ತಾ. "ಎಲ್ಲಾ ರೆಕಾರ್ಡ್ ಮಾಡ್ಕೋತಾನೆ. ಮುಖ ನೋಡಿದ್ರೇ ವಿಲನ್."

ಸೌಂಡ್‌ನವನನ್ನು ಕರೆಸಿದರು. ಅವನ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಇತ್ತು. ಪಟಾಕಿ ಅವನ ಕಾಲರ್ ಹಿಡಿದ.

"ಅಣ್ಣಾ, ಅದು ಮೈಕ್ ಲೆವೆಲ್ ನೋಡೋಕೆ. ನಿನ್ ಜೋಕು ಕದಿಯೋಕೆ ನಂಗೇನು ತಲೆ ಕೆಟ್ಟಿದ್ಯಾ? ಇಷ್ಟು ವರ್ಷದಲ್ಲಿ ನಂಗೆ ಒಂದ್ಸಲಾನೂ ನಗು ಬಂದಿಲ್ಲ."

"ಕಾಲರ್ ಬಿಡಿ," ಎಂದ ಮೇಡಂ ಆ ರೆಕಾರ್ಡಿಂಗು, ಜೆರಾಕ್ಸ್‌ನ ವಿಡಿಯೊ ಎರಡನ್ನೂ ಕೇಳಿದರು. ಹುಬ್ಬು ಮೇಲೇರಿತು.

"ರಿಹರ್ಸಲ್‌ನಲ್ಲಿ ನೀವು ಗಡಗಡ ಹೇಳ್ಕೊಂಡು ಹೋಗಿದೀರಿ. ಜೆರಾಕ್ಸ್ ಮಾತ್ರ ನಡುನಡುವೆ ಬಾಯ್ಮುಚ್ಕೋತಾನೆ. 'ವಿಗ್ಗು ಹಾರಿ ನೇರ' ಅಂದವನು ಸುಮ್ನೆ ನಿಂತ್ಬಿಡ್ತಾನೆ. ಯಾಕೆ?"

"ಸ್ಟೇಜ್ ಭಯ ಇರ್ಬೇಕು," ಎಂದರು ಭಾವ.

"ಇರ್ಬಹುದು. ಬನ್ನಿ, ಥಿಯೇಟರ್‌ಗೆ ಹೋಗೋಣ. ನಿಮ್ಮ ಕಾರಲ್ಲೇ."

*

ಕಾರು ಗೇಟು ದಾಟಿತು.

"ಶುರು ಮಾಡಿ," ಎಂದರು ಹಿಂದಿನ ಸೀಟಿನ ಮೇಡಂ.

ಪಟಾಕಿ ಸೂತಕದ ದನಿಯಲ್ಲಿ ಶುರು ಮಾಡಿದ. "ಆಫೀಸಲ್ಲಿ ಫ್ಯಾನ್ ಹಾಕಿದ್ರು. ನಮ್ಮ ಭಾವನ ವಿಗ್ಗು ಹಾರಿ ನೇರ..."

ಸ್ಪೀಡ್ ಹಂಪ್. ಕಾರು ಎಗರಿತು. ನಾಲಿಗೆ ಕಚ್ಚಿಕೊಳ್ಳಬಾರದೆಂದು ಪಟಾಕಿ ಬಾಯಿ ಮುಚ್ಚಿದ.

"...ಮಾಲೀಕರ ಬೋಳು ತಲೆ ಮೇಲೆ ಕೂತ್ಕೊಳ್ತು. ಅವರಿಗೇ ಚೆನ್ನಾಗಿ ಒಪ್ತಿತ್ತು."

ಮುಂದೆ ಮತ್ತೊಂದು ಹಂಪ್. ಮತ್ತೊಂದು ಮೌನ. ಮೇಡಂ ಫೋನಿನ ವಿಡಿಯೊದಲ್ಲಿ ಜೆರಾಕ್ಸ್ ಕೂಡ ಅಲ್ಲಲ್ಲೇ ನಿಂತ.

"ಈ ಕಾರಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿ ಬಾಯಿಪಾಠ ಮಾಡಿದಾನೆ," ಎಂದರು ಮೇಡಂ. "ಟೈಮಿಂಗ್ ಸಮೇತ. ಪಾಪ, ಹಂಪ್‌ಗಳನ್ನೂ ಟೈಮಿಂಗ್ ಅಂದ್ಕೊಂಡ. ಕಾರಲ್ಲಿ ಇರ್ತಿದ್ದೋರು ನೀವಿಬ್ರೇ. ಇನ್ನೊಂದು ವಿಷಯ. ಅವನು ಬದಲಾಯ್ಸಿರೋದು ಒಂದೇ ಒಂದು. ಭಾವ ಇದ್ದ ಕಡೆಯೆಲ್ಲ 'ಪಕ್ಕದ್ಮನೆಯವ್ನು' ಅಂತಾನೆ. ಆ ಬದಲಾವಣೆ ಯಾರಿಗೆ ಬೇಕಿತ್ತು?"

ಭಾವ ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು.

"ಅವನ ಹತ್ರ ನಾನೇನೂ ಇಸ್ಕೊಂಡಿಲ್ಲ. ಭಾವ ಅನ್ಬೇಡ ಅಂದೆ, ಅಷ್ಟೇ."

"ಭಾವ, ನೀವು ನಗ್ತಿದ್ರಲ್ಲ?" ಎಂದ ಪಟಾಕಿ.

"ನಗದೆ ಏನ್ ಮಾಡ್ಲಿ? ನಿಮ್ಮಕ್ಕಾನೂ ನಗ್ತಾಳೆ. ಮಗಳ ಸ್ಕೂಲಿಗೆ ಹೋದ್ರೆ ಮಕ್ಕಳು ಗೊರಕೆ ಹೊಡೆದು ತೋರಿಸ್ತವೆ. ಇನ್ಮೇಲೆ ನೀನು ಬರ್ಬೇಡ ಅಪ್ಪಾ ಅಂದ್ಲು ಮಗಳು."

ಸ್ಕೂಟರಿನವನೊಬ್ಬ ಭಾವನ ಗುರುತು ಹಿಡಿದು ಕಿಟಕಿಗೆ ಬಗ್ಗಿದ. "ಏನ್ ಭಾವ, ನಿದ್ದೆ ಆಯ್ತಾ?" ಗೊರಕೆ ಹೊಡೆದು ತೋರಿಸಿ ಹೊರಟುಹೋದ.

ಕಾರಿನಲ್ಲಿ ಯಾರೂ ನಗಲಿಲ್ಲ.

"ಕಂಪ್ಲೇಂಟ್ ಬರ್ಕೊಳ್ಲಾ?" ಎಂದರು ಮೇಡಂ.

"ಶೋ ಮುಗೀಲಿ ಮೇಡಂ," ಎಂದ ಪಟಾಕಿ.

*

ಸಂಜೆ ಪಟಾಕಿ ಮೈಕು ಹಿಡಿದ. ಹಿಂದಿನ ಸಾಲಿನಲ್ಲಿ ಮೇಡಂ, ಅವರ ಪಕ್ಕ ಭಾವ.

"ನನ್ನ ಜೋಕೆಲ್ಲ ಕಳ್ಳತನ ಆಗಿದೆ. ಕಳ್ಳ ಯಾರು ಅಂತಾನೂ ಗೊತ್ತು." ಭಾವ ತಲೆ ತಗ್ಗಿಸಿದರು. "ಹೇಳಲ್ಲ. ಇವತ್ತು ನನ್ನ ನೋಡಿ ನಗಿ. ಬೆಳಿಗ್ಗೆಯಿಂದ ಹೊಟ್ಟೇಲಿ ಪೇಸ್ಟ್ ಇದೆ. ಒಬ್ಬ ನಿರಪರಾಧಿ ಕಾಲರ್ ಬೇರೆ ಹಿಡಿದಿದೀನಿ."

ಥಿಯೇಟರಿನಲ್ಲಿ ಮೊದಲ ನಗು ಕೇಳಿಸಿತು. ಸೌಂಡ್‌ನವನದು.