ದಂತಬಣ್ಣದ ಗೌನಿನ ಬೆನ್ನು

“ಆ ಕಲೆ ಏನು ಅಂತ ಫಲಕದಲ್ಲಿ ಬರೆಯೋಕಾದ್ರೆ ಸರಿ. ಇಲ್ಲಾಂದ್ರೆ ಬೆನ್ನು ಗೋಡೆ ಕಡೆ ತಿರುಗಿಸಿಬಿಡಿ,” ಎಂದು ಹೇಳಿ ಮ್ಯೂಸಿಯಂನ ನಿರ್ದೇಶಕಿ ಹೊರಟುಹೋದರು.

ಗೌನಿನ ಪಕ್ಕ ನಿಂತಿದ್ದವಳು ಫಲಕ ಬರೆಯುವವನ ಕಡೆ ತಿರುಗಿದಳು. ಹಳೆಯ ಬಟ್ಟೆಗಳನ್ನು ದುರಸ್ತಿ ಮಾಡುವುದು ಅವಳ ಕೆಲಸ. ನೂರು ವರ್ಷದ ಹಿಂದೆ ಸಿರಿವಂತರು ಪಾರ್ಟಿಗಳಿಗೆ ತೊಡುತ್ತಿದ್ದ ಹನ್ನೆರಡು ಉಡುಪುಗಳ ಪ್ರದರ್ಶನ ನಾಳೆ ಶುರುವಾಗಲಿತ್ತು. ಅವುಗಳಲ್ಲಿ ಈ ದಂತಬಣ್ಣದ ರೇಷ್ಮೆ ಗೌನು ಅವಳಿಗೆ ಅಚ್ಚುಮೆಚ್ಚು. ಭುಜಗಳಿಂದ ಇಳಿದ ಗಾಜಿನ ಮಣಿಗಳ ಸಾಲು ದೀಪ ಹಾಕಿದರೆ ನೀರಿನಂತೆ ಹರಿಯುತ್ತಿತ್ತು. ನಾಲ್ಕು ತಿಂಗಳು ಕೂತು ಒಂದೊಂದೇ ಮಣಿಯನ್ನು ಭದ್ರಪಡಿಸಿದ್ದಳು. ಮಣಿಗಳು ಮುಗಿದು ಬರಿಯ ರೇಷ್ಮೆ ಶುರುವಾಗುವಲ್ಲಿ, ಬೆನ್ನಿನ ಎಡಕ್ಕೆ, ತೆಳು ಕಂದು ಕಲೆ.

“ಕುಣಿದವನ ಕೈ ಗುರುತು ಅದು. ಬರೀರಿ,” ಎಂದಳು.

“ನೀರು ಬಿದ್ದಿರಬಹುದು,” ಎಂದ ಫಲಕ ಬರೆಯುವವನು.

“ನೀರಿಗೆ ಹೆಬ್ಬೆರಳು ಇರುತ್ತಾ, ಪುರಾವೆ ಸಾಹೇಬ್ರೇ?”

ಆ ಹೆಸರು ಅವಳೇ ಇಟ್ಟಿದ್ದು. ಹತ್ತು ವರ್ಷ ಪತ್ರಿಕೆಯಲ್ಲಿ ದುಡಿದು ಬಂದ ಅವನು ಪ್ರತ್ಯಕ್ಷ ಕಂಡದ್ದನ್ನೂ ಪ್ರಮಾಣಿಸಿ ನೋಡದೆ ಬರೆಯುವವನಲ್ಲ. ಅವಳಿಗೆ ಹೇಳಬೇಕಾದ ಮಾತೊಂದನ್ನೂ ಪುರಾವೆ ಸಾಲದೆಂದು ವರ್ಷದಿಂದ ತಡೆಹಿಡಿದಿದ್ದ.

“ಎಡಗಡೆ ಯಾಕಿದೆ?”

“ಎದುರು ನಿಂತು ಕುಣಿಯೋನ ಬಲಗೈ ಅಲ್ಲಿಗೇ ಬರೋದು. ಬೆವರಿಗೆ ರೇಷ್ಮೆ ಹಾಳಾಗದಿರ್ಲಿ ಅಂತ ಗಂಡಸರು ಕೈಗವಸು ಹಾಕ್ತಿದ್ರು. ಈ ಮಹಾಶಯ ಬಿಚ್ಚಿದಾನೆ.”

“ಅಳತೆ?”

“ಗೌನು ಇನ್ನು ಮುಟ್ಟೋ ಹಾಗಿಲ್ಲ.” ಕೊರಳಿನ ಟೇಪು ಅವನ ಕೈಗಿತ್ತು ಎದುರು ನಿಂತಳು. “ನನ್ನ ಬೆನ್ನಿದೆಯಲ್ಲ. ನಾನೂ ಇದನ್ನ ತೊಟ್ಟವಳಷ್ಟೇ ಎತ್ತರ.”

ಅವನು ಬಲಗೈಯನ್ನು ಅವಳ ಶರ್ಟಿನ ಬೆನ್ನಿಗಿಟ್ಟ. ಬೆರಳುಗಳು ತಾವಾಗಿ ಬೆನ್ನುಮೂಳೆಯ ಕಡೆ ಹೊರಳಿದವು, ಹೆಬ್ಬೆರಳು ಮೇಲಕ್ಕೆ. ಎಡಗೈಯಲ್ಲಿ ಟೇಪು ಹಿಡಿದು, ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ಅವಳ ಕಿವಿ ಕೆಂಪಾಗಿದ್ದು ಅಷ್ಟು ಹತ್ತಿರದಿಂದ ಕಾಣದಿರಲು ಸಾಧ್ಯವಿರಲಿಲ್ಲ.

“ಸೊಂಟದಿಂದ ನಾಲ್ಕೂವರೆ ಇಂಚು.”

“ಅಲ್ಲೂ ನಾಲ್ಕೂವರೆ. ದುರಸ್ತಿ ಮಾಡುವಾಗ ಅಳೆದಿದ್ದೆ.”

“ಹಾಗಾದ್ರೆ ಕೈಯೇ. ಬರೀತೀನಿ.”

ಅವಳು ಗೌನಿನ ಕಡೆ ನೋಡಿ ಉಸಿರುಬಿಟ್ಟಳು. ಅಳತೆ ಮುಗಿದಿತ್ತು. ಕೈ ಅಲ್ಲೇ ಇತ್ತು.

“ಇನ್ನೊಂದು ವಿಷಯ,” ಎಂದ. “ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ನಿಮ್ಮ ಮನಸ್ಸು ಏನೋ, ನನಗೆ ಗೊತ್ತಿಲ್ಲ.”

ಅವಳು ಗೌನಿನ ಕಲೆಯನ್ನು ಮತ್ತೊಮ್ಮೆ ನೋಡಿದಳು.

“ನಿಮ್ಮ ಅಂಗೈ ಬೆವರ್ತಿದೆ,” ಎಂದಳು.

“ಕ್ಷಮಿಸಿ.” ಅವನು ಕೈ ತೆಗೆಯಹೋದ.

“ಇರ್ಲಿ,” ಎಂದಳು. “ಈ ಶರ್ಟು ನಾನು ಒಗೆಯಲ್ಲ.”