ವಾಲದ ದೋಣಿ

"ಇವರೇ ನಮ್ಮ ಕ್ಯಾಪ್ಟನ್. ಇವರು ಹ್ಞೂಂ ಅಂದ ದೋಣಿನೇ ನಾವು ತಗೊಳ್ಳೋದು," ಎಂದರು ನಿವೃತ್ತ ಡಾಕ್ಟರಮ್ಮ.

ದೋಣಿ ಮಾರುವ ಕಂಪನಿಯ ಆ ಹುಡುಗಿ ತಲೆಯೆತ್ತಿದಳು.

ಅವನು... ಅವಳ ಗಂಡ. ಗಂಡ ಅನ್ನುವುದೂ ನಾಳೆ ಬೆಳಿಗ್ಗೆಯವರೆಗೆ ಮಾತ್ರ. ಕೋರ್ಟಿನಲ್ಲಿ ಇಬ್ಬರೂ ವಿಚ್ಛೇದನಕ್ಕೆ 'ಒಪ್ಪಿಗೆ ಇದೆ' ಎಂದುಬಿಟ್ಟರೆ ಅವನು ಯಾರೋ, ಅವಳು ಯಾರೋ.

"ನಮಸ್ಕಾರ ಸರ್, ಬನ್ನಿ."

'ಕಟ್ಟಿಕೊಂಡವನಿಗೆ ಸರ್ ಅನ್ನೋ ಗತಿ ಬಂತಲ್ಲ ನನಗೆ!' ಎಂದುಕೊಂಡರೂ ಮುಖದ ಮೇಲೆ ನಗುವಿತ್ತು. ಆ ನಗು ನೋಡಿ ಅವನ ಮುಖ ಸಪ್ಪಗಾಯಿತು. ಪಾಪ, ಡಾಕ್ಟರಮ್ಮನಿಗೇನು ಗೊತ್ತು!

ಹಲಗೆ ಹಾಸಿದ ಕಟ್ಟೆಗೆ ತಾಗಿ ಮೂರು ದೋಣಿಗಳು ಪಕ್ಕಪಕ್ಕದಲ್ಲೇ ನಿಂತಿದ್ದವು.

"ಇದು ಮೋಟಾರ್ ಯಾಟ್. ಎರಡು ಇಂಜಿನ್ ಇದೆ, ಗಾಳಿಯ ಹಂಗಿಲ್ಲ, ಹೇಳಿದ ಹೊತ್ತಿಗೆ ತಲುಪಿಸುತ್ತೆ. ಆದ್ರೆ ಡೀಸೆಲ್ ಸಿಕ್ಕಾಪಟ್ಟೆ ಕುಡಿಯುತ್ತೆ."

"ಹಾಗಾದ್ರೆ ಬೇಡಮ್ಮ. ಮನೇಲಿ ಕುಡಿಯೋಕೆ ನಾನೊಬ್ಬ ಸಾಕು," ಎಂದರು ಜೊತೆಗೆ ಬಂದಿದ್ದ ಡಾಕ್ಟರಮ್ಮನ ಯಜಮಾನರು.

"ಇದು ಹಾಯಿದೋಣಿ. ಖರ್ಚು ಕಡಿಮೆ. ಗಾಳಿ ಜೋರಾದ್ರೆ ಮಾತ್ರ ಒಂದು ಕಡೆಗೆ ವಾಲುತ್ತೆ."

"ಅಯ್ಯೋ, ನನ್ನ ಮಂಡಿ!" ಎಂದರು ಡಾಕ್ಟರಮ್ಮ.

"ಹಾಗಿದ್ರೆ ನಿಮಗೆ ಕ್ಯಾಟಮರಾನೇ ಸರಿ. ಕೆಳಗೆ ಎರಡು ಒಡಲು, ಮೇಲೆ ಮನೆ. ಗಾಳಿ ಬಂದ್ರೂ ವಾಲಲ್ಲ. ಮೇಜಿನ ಮೇಲಿಟ್ಟ ಲೋಟ ತುಳುಕಲ್ಲ."

"ಅದೇ ಅದರ ದೋಷ," ಎಂದ ಅವನು.

ಅವಳನ್ನೇ ನೋಡುತ್ತಾ ಮುಂದುವರಿಸಿದ.

"ಹಾಯಿದೋಣಿ ವಾಲಿ ಹೇಳುತ್ತೆ, ನನಗೆ ತಡೆಯೋಕಾಗ್ತಿಲ್ಲ, ಹಾಯಿ ಇಳಿಸು ಅಂತ. ತೀರಾ ಮಲಗಿದ್ರೂ ಮತ್ತೆ ಏಳುತ್ತೆ. ಇದು ಏನೂ ಹೇಳಲ್ಲ. ಜೊತೆಗಿದ್ದವನು ಎಲ್ಲ ಸರಿಯಿದೆ ಅಂದ್ಕೊಂಡಿರ್ತಾನೆ. ಮಗುಚಿದ್ರೆ ಮುಗೀತು, ಏಳೋದೇ ಇಲ್ಲ."

ಅವಳ ಕಿವಿ ಕೆಂಪಗಾಯಿತು.

"ಗಾಳಿ ಎಷ್ಟಿದೆ ಅಂತ ತೋರಿಸೋಕೆ ಮೀಟರ್ ಇರುತ್ತೆ ಸರ್. ಕಣ್ಣುಬಿಟ್ಟು ನೋಡೋ ಕ್ಯಾಪ್ಟನ್ ಬೇಕು, ಅಷ್ಟೇ!"

"ನೋಡ್ತಾನೇ ಇದ್ದೆ! ಒಂದು ಹನಿ ಕಣ್ಣೀರೂ ಕಾಣಲಿಲ್ಲ!"

ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿದರು. ಗಂಡನ ತೋಳು ಹಿಡಿದರು.

"ಬನ್ನಿ, ದೋಣಿಯೊಳಗೆ ಅಡುಗೆಮನೆ ನೋಡೋಣ."

"ನನಗ್ಯಾಕೆ ಅಡುಗೆಮನೆ?"

"ಬನ್ನಿ ಅಂದ್ರೆ ಬನ್ನಿ!"

ಇಬ್ಬರೇ ಉಳಿದರು.

ಹೋದ ವರ್ಷ ಏಳು ತಿಂಗಳ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆಣ್ಣು ಮಗು. ಆಸ್ಪತ್ರೆಯಿಂದ ಬಂದವಳು ಪುಟ್ಟ ಬಟ್ಟೆಗಳನ್ನೆಲ್ಲ ಮಡಿಸಿ ಅಟ್ಟಕ್ಕೆ ಹಾಕಿದಳು. ಕೆಲವೇ ದಿನಗಳಲ್ಲಿ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಳು. ಅವನು ಅನ್ನ ನೀರು ಬಿಟ್ಟು ಗೋಡೆ ನೋಡುತ್ತಾ ಕೂತಿದ್ದ. 'ಇವಳಿಗೆ ಮಗುವೂ ಬೇಕಿರಲಿಲ್ಲ, ನಾನೂ ಬೇಕಿಲ್ಲ' ಎಂದೇ ಅವನಿಗೆ ಅನಿಸಿಬಿಟ್ಟಿತು. "ನೀನು ಕಲ್ಲು!" ಎಂದು ಹೇಳಿ ಮನೆ ಬಿಟ್ಟು ಹೋಗಿದ್ದ.

"ಅತ್ತಿದ್ದೆ..." ಎಂದಳು ಅವಳು. "ಇಂಜಿನ್ ಟೆಸ್ಟ್ ಮಾಡ್ತೀನಿ ಅಂತ ಆ ಮೋಟಾರ್ ಯಾಟ್ ಒಳಗೆ ಹೋಗ್ತಿದ್ದೆ. ಯಾರಿಗೂ ಕೇಳಬಾರದು ಅಂತ ಎರಡೂ ಇಂಜಿನ್ ಹಾಕ್ಕೊಂಡು ಅಳ್ತಿದ್ದೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ನೀವೇ ಕುಸಿದು ಕೂತಿದ್ರಿ. ನಾನೂ ಕುಸಿದ್ರೆ ನಿಮ್ಮನ್ನ ಯಾರು ಹಿಡ್ಕೊಳ್ತಾರೆ ಅಂತ ಹೆದರಿಕೆ ನನಗೆ! ಆಮೇಲೆ ಕಲ್ಲು ಅಂದ್ರಿ... ಹೌದೇನೋ, ನಾನು ಕಲ್ಲೇ ಇರಬೇಕು ಅಂತ ನನಗೂ ಅನ್ನಿಸ್ತು."

ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ರೀ... ನನಗೆ ತಡೆಯೋಕಾಗ್ತಿಲ್ಲ ರೀ!"

ಎಷ್ಟು ದಿನವಾಗಿತ್ತು ಆ 'ರೀ' ಕೇಳಿ! ಅವನು ಅವಳನ್ನು ಬಿಗಿಯಾಗಿ ಹಿಡಿದು ಹಲಗೆಯ ಮೇಲೆ ಕೂರಿಸಿದ. ತಾನೂ ಕೂತ. ಇಬ್ಬರೂ ಅತ್ತರು. ಒಟ್ಟಿಗೆ ಅತ್ತಿದ್ದು ಅದೇ ಮೊದಲು.

"ನಾಳೆ ನಾನು ಒಪ್ಪಿಗೆ ಇಲ್ಲ ಅಂತೀನಿ," ಎಂದ.

"ನಾನೂ... ಆದ್ರೆ ನಾವು ಮೊದಲಿನ ಹಾಗೆ ಆಗಲ್ಲ ರೀ. ಅವಳು ಬರಲ್ಲ."

"ಬರಲ್ಲ," ಎಂದ ಅವನು. ಸಮಾಧಾನದ ಸುಳ್ಳು ಅವನ ಬಾಯಿಗೆ ಬರಲಿಲ್ಲ. ಆಮೇಲೆ ಕೇಳಿದ, "ಹೊಟ್ಟೇಲಿದ್ದಾಗ ಅವಳನ್ನ ಏನಂತ ಕರೀತಿದ್ದೆ?"

ಯಾರಿಗೂ ಹೇಳದ ಆ ಹೆಸರನ್ನು ಅವಳು ಅವನ ಕಿವಿಯಲ್ಲಿ ಹೇಳಿದಳು.

"ನಾನೂ ಒಂದು ಹೆಸರು ಇಟ್ಟಿದ್ದೆ..."

ಅವಳು ಥಟ್ಟನೆ ಅವನ ಬಾಯಿ ಮುಚ್ಚಿದಳು.

"ಈಗ ಬೇಡ. ಎರಡನ್ನೂ ಒಂದೇ ದಿನ ಕೇಳೋ ಶಕ್ತಿ ನನಗಿಲ್ಲ. ಮನೆಗೆ ಬಂದು ಹೇಳಿ."

"ಬರ್ಲಾ?"

"ಬನ್ನಿ."